ಹಲವು ವೇರಿಯಬಲ್‌ಗಳ ಬೆಲೆಯನ್ನು ಒಟ್ಟಿಗೆ ಬದಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಎರಡು ವೇರಿಯಬಲ್‌ಗಳ ಬೆಲೆ (ಅಂದರೆ ವ್ಯಾಲ್ಯೂ) ಅದಲುಬದಲು ಮಾಡುವ ಲೆಕ್ಕವನ್ನು ಪ್ರೋಗ್ರಾಮಿಂಗ್ ಕಲಿತವರೆಲ್ಲ ಮೊದಲ ಕೆಲವು ಪಾಠಗಳಲ್ಲೇ ಮಾಡಿರುತ್ತಾರೆ. ಆಮೇಲೆ ಅದೇ ಪ್ರಶ್ನೆ ಬೇರೆ ಬೇರೆ ವೇಷ ತೊಟ್ಟು ಎದುರಾಗುತ್ತಲೇ ಇರುತ್ತದೆ: ಲಿಂಕ್ಡ್ ಲಿಸ್ಟ್ (ಪ್ರತಿ ನೋಡ್ ತನ್ನ ಮುಂದಿನದನ್ನು ತೋರಿಸುವ ಸರಪಳಿ) ತಿರುಗಿಸುವಾಗ, ಡೇಟಾಬೇಸ್‌ನ ಎರಡು ಕಾಲಮ್ ಬದಲಿಸುವಾಗ, ಎರಡು ಥ್ರೆಡ್‌ಗಳು (ಒಂದೇ ಪ್ರೋಗ್ರಾಮಿನಲ್ಲಿ ಏಕಕಾಲಕ್ಕೆ ಓಡುವ ಕೆಲಸಗಳು) ಒಂದೇ ಬೆಲೆಗೆ ಕೈ ಹಾಕಿದಾಗ. ಎಲ್ಲ ಕಡೆಯೂ ಕೇಳಿಕೊಳ್ಳಬೇಕಾದ್ದು ಒಂದೇ: ಬಲಗಡೆ ಓದಿದ್ದು ಹಳೆಯ ಬೆಲೆಯೋ, ಹೊಸದೋ?

ಇಲ್ಲಿನ ಕೋಡ್ ಸಾಲುಗಳಲ್ಲಿ ಹೆಸರುಗಳನ್ನು ಕನ್ನಡದಲ್ಲೇ ಇಟ್ಟಿದ್ದೇನೆ. ಪೈಥಾನ್ 3 ಕನ್ನಡ ಹೆಸರುಗಳನ್ನು ಒಪ್ಪುತ್ತದೆ. ಹಾಗಾಗಿ ಪೈಥಾನ್ ಸಾಲುಗಳನ್ನು ಹೀಗೆಯೇ ಟೈಪ್ ಮಾಡಿ ಓಡಿಸಿ ನೋಡಬಹುದು.

ಒಟ್ಟಿಗೆ ಬದಲಿಸುವುದು ಎಂದರೆ ಎರಡು ಸಾಲನ್ನು ಒಂದೇ ಸಾಲಿನಲ್ಲಿ ಬರೆಯುವುದು, ಅಷ್ಟೇ ತಾನೇ?

ಅಲ್ಲ. ಅ ಬೆಲೆ 3, ಬ ಬೆಲೆ 8 ಎಂದಿಟ್ಟುಕೊಳ್ಳಿ.

```
ಅ = ಬ
ಬ = ಅ
```

ಮೊದಲ ಸಾಲು ಮುಗಿದಾಗಲೇ 3 ಅಳಿಸಿಹೋಯಿತು. ಎರಡನೆಯ ಸಾಲು ಓದುವುದು ಹೊಸ ಅ ಬೆಲೆಯನ್ನು, ಅಂದರೆ 8 ಅನ್ನು. ಕೊನೆಗೆ ಎರಡೂ 8. ಈಗ ಇದನ್ನು ನೋಡಿ:

```
ಅ, ಬ = ಬ, ಅ
```

ಇಲ್ಲಿ ಮೊದಲು ಬಲಗಡೆಯದ್ದನ್ನೆಲ್ಲ ಓದಿ ಪಕ್ಕಕ್ಕಿಟ್ಟುಕೊಳ್ಳಲಾಗುತ್ತದೆ: 8, 3. ಓದುವುದು ಪೂರ್ತಿ ಮುಗಿದ ಮೇಲಷ್ಟೇ ಬರೆಯುವುದು ಶುರುವಾಗುತ್ತದೆ. ತಾತ್ಕಾಲಿಕ ವೇರಿಯಬಲ್ ಇಲ್ಲಿ ಇಲ್ಲವೆಂದಲ್ಲ. ಅದನ್ನು ನಾವು ಬರೆಯುವ ಬದಲು ಭಾಷೆ ತಾನೇ ಇಟ್ಟುಕೊಳ್ಳುತ್ತದೆ.

ಅದಲುಬದಲು ಬಿಟ್ಟರೆ ಇದರಿಂದ ಬೇರೇನು ಉಪಯೋಗ?

ಬಹಳ ಇದೆ. ಒಂದರ ಹೊಸ ಬೆಲೆ ಇನ್ನೊಂದರ ಹಳೆಯ ಬೆಲೆಯನ್ನು ನಂಬಿಕೊಂಡಿರುವ ಕಡೆಯೆಲ್ಲ ಇದು ಬೇಕು. ಮಹತ್ತಮ ಸಾಮಾನ್ಯ ಅಪವರ್ತನ ಕಂಡುಹಿಡಿಯುವ ಯೂಕ್ಲಿಡ್ ವಿಧಾನವನ್ನೇ ತೆಗೆದುಕೊಳ್ಳಿ. ಬ ಸೊನ್ನೆ ಆಗುವವರೆಗೆ ಈ ಒಂದು ಸಾಲನ್ನು ಮತ್ತೆ ಮತ್ತೆ ಓಡಿಸಿದರೆ ಸಾಕು (% ಎಂದರೆ ಭಾಗಿಸಿದಾಗ ಉಳಿಯುವ ಶೇಷ):

```
ಅ, ಬ = ಬ, ಅ % ಬ
```

48 ಮತ್ತು 18ರಿಂದ ಹೊರಟರೆ 18 ಮತ್ತು 12, ಆಮೇಲೆ 12 ಮತ್ತು 6, ಆಮೇಲೆ 6 ಮತ್ತು 0. ಉತ್ತರ 6. ಇದನ್ನೇ ಎರಡು ಸಾಲಾಗಿ ಒಡೆದು, ಮೊದಲು ಅ = ಬ, ನಂತರ ಬ = ಅ % ಬ ಎಂದು ಬರೆದರೆ ಏನಾಗುತ್ತದೆ? ಅ 18 ಆಗುತ್ತದೆ, 18 ಅನ್ನು 18ರಿಂದ ಭಾಗಿಸಿದರೆ ಶೇಷ 0, ಮೊದಲ ಸುತ್ತಿಗೇ ಲೂಪ್ ನಿಂತು 18 ಎಂಬ ಉತ್ತರ ಬರುತ್ತದೆ. ಎರರ್ ಇಲ್ಲ, ಕ್ರ್ಯಾಶ್ ಇಲ್ಲ, ತಪ್ಪು ಉತ್ತರ ಮಾತ್ರ ಇದೆ. ಈ ಬಗೆಯ ತಪ್ಪಿಗೆ ನಾನು ಹೆದರುವುದು ಅದಕ್ಕಾಗಿಯೇ.

ಇನ್ನೊಂದು ಉದಾಹರಣೆ: ಒಂದು ಬಿಂದುವನ್ನು ಮೂಲಬಿಂದುವಿನ ಸುತ್ತ 90 ಡಿಗ್ರಿ ತಿರುಗಿಸಬೇಕು. ಸೂತ್ರ ಸರಳ: ಹೊಸ ಅಡ್ಡ ಬೆಲೆ ಹಳೆಯ ಉದ್ದದ ಋಣ, ಹೊಸ ಉದ್ದ ಹಳೆಯ ಅಡ್ಡ.

```
ಅಡ್ಡ, ಉದ್ದ = -ಉದ್ದ, ಅಡ್ಡ
```

(2, 5) ಹೋಗಿ (-5, 2) ಆಗುತ್ತದೆ. ಎರಡು ಸಾಲಿನಲ್ಲಿ ಬರೆದವರಿಗೆ ಸಿಗುವುದು (-5, -5). 90 ಡಿಗ್ರಿಯಲ್ಲಾದರೆ ತಪ್ಪು ಕಣ್ಣಿಗೆ ಹೊಡೆಯುತ್ತದೆ. 1 ಡಿಗ್ರಿ ತಿರುಗಿಸುವಾಗ ಚಿತ್ರ ಚೂರೇ ಚೂರು ಸೊಟ್ಟಗಾಗುತ್ತದೆ, ಕಾರಣ ಹುಡುಕಲು ದಿನಗಟ್ಟಲೆ ಹಿಡಿಯುತ್ತದೆ.

ಎಡಗಡೆ ಹೆಸರುಗಳನ್ನು ಯಾವ ಕ್ರಮದಲ್ಲಿ ಬರೆದರೂ ನಡೆಯುತ್ತದೆಯೇ?

ಬರಿಯ ಹೆಸರುಗಳಿದ್ದರೆ ನಡೆಯುತ್ತದೆ. ಎಡಗಡೆ ಪ[ಇ] ತರಹದ ಇಂಡೆಕ್ಸ್ ಅಥವಾ ಈಗ.ಮುಂದೆ ತರಹದ ಚುಕ್ಕೆಯ ಹೆಸರು ಬಂದರೆ ಎಚ್ಚರ ಬೇಕು. ಈ ಪುಟದಲ್ಲಿ ಒಂದೇ ಉತ್ತರ ಓದಿ ಹೋಗುವುದಾದರೆ ಇದನ್ನು ಓದಿ.

ಪೈಥಾನ್ ಬಲಗಡೆಯದ್ದನ್ನೆಲ್ಲ ಮೊದಲು ಲೆಕ್ಕ ಹಾಕುತ್ತದೆ, ಸರಿ. ಆದರೆ ಎಡಗಡೆಗೆ ಬಂದಾಗ ಒಂದೊಂದನ್ನೇ ಎಡದಿಂದ ಬಲಕ್ಕೆ ಬರೆಯುತ್ತಾ ಹೋಗುತ್ತದೆ. ಎರಡನೆಯದು ಎಲ್ಲಿದೆ ಎಂದು ಅದು ಹುಡುಕುವುದು ಮೊದಲನೆಯದನ್ನು ಬರೆದಾದ ಮೇಲೆ.

```
ಇ = 0
ಪ = [0, 1]
ಇ, ಪ[ಇ] = 1, 2
```

ಪ ಈಗ [0, 2]. ಬದಲಾಗಿದ್ದು ಸೊನ್ನೆಯ ಜಾಗವಲ್ಲ, ಒಂದರ ಜಾಗ. ಇ ಆಗಲೇ 1 ಆಗಿಬಿಟ್ಟಿತ್ತು.

ನಿಜವಾದ ಕೋಡ್‌ನಲ್ಲಿ ಇದು ಕಚ್ಚುವುದು ಲಿಸ್ಟಿನ ಪ್ರತಿ ಸಂಖ್ಯೆಯನ್ನೂ ಅದರದ್ದೇ ಜಾಗದಲ್ಲಿ ಕೂರಿಸುವಾಗ. ಪ = [2, 0, 1], ಇ = 0 ಇರಲಿ. 2 ಅನ್ನು ಎರಡರ ಜಾಗಕ್ಕೆ ಕಳಿಸಿ, ಅಲ್ಲಿದ್ದದ್ದನ್ನು ಇಲ್ಲಿಗೆ ತರಬೇಕು.

```
ಪ[ಇ], ಪ[ಪ[ಇ]] = ಪ[ಪ[ಇ]], ಪ[ಇ]
```

ನೋಡಲು ನೇರವಾಗಿದೆ, ಫಲಿತಾಂಶ ಮಾತ್ರ [1, 2, 1]. ಸೊನ್ನೆ ಮಾಯವಾಗಿ ಒಂದು ಎರಡು ಸಲ ಬಂದಿದೆ. ಮೊದಲು ಪ[0] ಜಾಗಕ್ಕೆ 1 ಬರೆಯಿತು. ನಂತರ ಪ[ಪ[0]] ಎಲ್ಲಿದೆ ಎಂದು ನೋಡಿದಾಗ ಅದು ಪ[1] ಆಗಿತ್ತು, ಹಾಗಾಗಿ 2 ಅಲ್ಲಿ ಹೋಗಿ ಕೂತಿತು. ಇದೇ ಸಾಲನ್ನು ತಿರುಗಿಸಿ ಬರೆದರೆ ಸರಿಹೋಗುತ್ತದೆ:

```
ಪ[ಪ[ಇ]], ಪ[ಇ] = ಪ[ಇ], ಪ[ಪ[ಇ]]
```

ಈಗ ಸಿಗುವುದು [1, 0, 2]. ಬರೆಯುವಾಗ ಬದಲಾಗುವ ಹೆಸರು ಅದೇ ಸಾಲಿನಲ್ಲಿ ಮುಂದೆ ಇಂಡೆಕ್ಸ್ ಆಗಿ ಬರುತ್ತದೆಯೇ ಎಂದು ನೋಡಿ. ಬರುವುದಾದರೆ ಕ್ರಮ ಬದಲಿಸಿ. ನಾನಂತೂ ಇಂಥ ಕಡೆ ಜ = ಪ[ಇ] ಎಂದು ಒಂದು ಸಾಲು ಮೇಲೆ ಬರೆದುಕೊಂಡು, ಆಮೇಲೆ ಪ[ಇ], ಪ[ಜ] = ಪ[ಜ], ಪ[ಇ] ಎನ್ನುತ್ತೇನೆ. ಹೀಗೆ ಬರೆದರೆ ಕ್ರಮದ ಚಿಂತೆಯೇ ಉಳಿಯುವುದಿಲ್ಲ, ಮುಂದೆ ಓದುವವರಿಗೂ ಸುಲಭ.

ಲಿಂಕ್ಡ್ ಲಿಸ್ಟ್ ತಿರುಗಿಸುವಾಗಲೂ ಇದೇ ತೊಂದರೆಯೇ?

ಹೌದು, ಇದೇ. ಸರಿಯಾದ ಸಾಲು:

```
ಈಗ.ಮುಂದೆ, ಹಿಂದೆ, ಈಗ = ಹಿಂದೆ, ಈಗ, ಈಗ.ಮುಂದೆ
```

ಇಲ್ಲಿ ಈಗ.ಮುಂದೆ ಮೊದಲು ಬಂದಿರುವುದರಿಂದ ಅದು ಹಳೆಯ ನೋಡ್‌ನ ಕೊಂಡಿಯನ್ನೇ ಬದಲಿಸುತ್ತದೆ. ಈಗ ಎಂಬುದನ್ನು ಎಡತುದಿಗೆ ತಂದರೆ ಅದು ಮೊದಲು ಮುಂದಿನ ನೋಡ್‌ಗೆ ಜಿಗಿದು, ಆ ಮುಂದಿನ ನೋಡ್‌ನ ಕೊಂಡಿಯೇ ಕತ್ತರಿಸಿಹೋಗುತ್ತದೆ. ಮೂರು ನೋಡ್‌ಗಳ ಲಿಸ್ಟ್‌ನಲ್ಲಿ ಮೊದಲ ಸುತ್ತಿಗೇ ಮೂರನೆಯದು ಕೈತಪ್ಪುತ್ತದೆ, ಎರಡನೆಯ ಸುತ್ತಿಗೆ ಎರರ್ ಬರುತ್ತದೆ.

ಬೇರೆ ಭಾಷೆಗಳಲ್ಲೂ ನಿಯಮ ಇದೇನಾ?

ಬಲಗಡೆ ಮೊದಲು ಎಂಬುದರಲ್ಲಿ ಹೆಚ್ಚಿನವು ಒಂದೇ ದಾರಿ ಹಿಡಿದಿವೆ. ಎಡಗಡೆಯ ವಿಷಯದಲ್ಲಿ ಒಂದೊಂದಕ್ಕೂ ಅದರದ್ದೇ ನಿಯಮ.

ಗೋ ಭಾಷೆಯಲ್ಲಿ ಎರಡು ಹಂತಗಳಿವೆ. ಮೊದಲ ಹಂತದಲ್ಲಿ ಬಲಗಡೆಯ ಬೆಲೆಗಳ ಜೊತೆಗೆ ಎಡಗಡೆಯ ಇಂಡೆಕ್ಸ್‌ಗಳನ್ನೂ ಪಾಯಿಂಟರ್‌ಗಳನ್ನೂ ಲೆಕ್ಕ ಹಾಕಿ ಮುಗಿಸುತ್ತದೆ. ಎರಡನೆಯ ಹಂತದಲ್ಲಿ ಬರೆಯುತ್ತದೆ. ಹಾಗಾಗಿ ಮೇಲೆ ಪೈಥಾನ್‌ನಲ್ಲಿ ಕೈಕೊಟ್ಟ ಪ[ಇ], ಪ[ಪ[ಇ]] ಸಾಲು ಗೋದಲ್ಲಿ ಸರಿಯಾಗಿಯೇ ನಡೆಯುತ್ತದೆ. ನನಗೆ ಗೋ ನಿಯಮವೇ ಹೆಚ್ಚು ಮೆಚ್ಚುಗೆ, ಏಕೆಂದರೆ ಓದುವುದೆಲ್ಲ ಮುಗಿಯದೆ ಬರೆಯುವುದಿಲ್ಲ ಎಂಬ ಮಾತನ್ನು ಅದು ಕೊನೆಯವರೆಗೂ ಉಳಿಸಿಕೊಳ್ಳುತ್ತದೆ. ಒಂದು ವಿಷಯ, ಗೋದಲ್ಲಿ ಅ, ಪ, ಬ ಎಂಬ ಬಿಡಿ ಅಕ್ಷರಗಳು ಹೆಸರಾಗಬಹುದು, ಆದರೆ ಗುಣಿತ, ಒತ್ತಕ್ಷರ ಇರುವ ಕನ್ನಡ ಹೆಸರುಗಳನ್ನು ಅದು ಒಪ್ಪುವುದಿಲ್ಲ.

ಲುವಾ ಕೂಡ ಎಲ್ಲ ಬೆಲೆಗಳನ್ನು ಮೊದಲೇ ಓದಿಕೊಳ್ಳುತ್ತದೆ, ಆದರೆ ಬರೆಯುವ ಕ್ರಮ ಯಾವುದೆಂದು ಅದರ ಕೈಪಿಡಿ ಮಾತು ಕೊಡುವುದಿಲ್ಲ. ರೂಬಿ, ಪರ್ಲ್, ಸ್ವಿಫ್ಟ್‌ಗಳಲ್ಲಿ ಸೌಲಭ್ಯ ಮೊದಲಿನಿಂದ ಇದೆ. ಜಾವಾಸ್ಕ್ರಿಪ್ಟ್‌ಗೆ 2015ರ ಆವೃತ್ತಿಯಲ್ಲಿ, ಸಿ ಶಾರ್ಪ್‌ಗೆ 2017ರ 7.0 ಆವೃತ್ತಿಯಲ್ಲಿ ಬಂತು. ರಸ್ಟ್‌ನಲ್ಲಿ ಆಗಲೇ ಇರುವ ವೇರಿಯಬಲ್‌ಗಳಿಗೆ ಹೀಗೆ ಬೆಲೆ ಕೊಡಲು ಸಾಧ್ಯವಾದದ್ದು 2022ರ ಫೆಬ್ರುವರಿಯ 1.59 ಆವೃತ್ತಿಯಿಂದ. ಜಾವಾದಲ್ಲಿ ಇಲ್ಲ, ಅಲ್ಲಿ ತಾತ್ಕಾಲಿಕ ವೇರಿಯಬಲ್ಲೇ ಗತಿ.

ಸಿ ಪ್ಲಸ್ ಪ್ಲಸ್‌ನಲ್ಲಿ ಟೈ ಎಂಬ ಫಂಕ್ಷನ್ ಇದೆ, ಅದರಲ್ಲೊಂದು ಹೊಂಡವೂ ಇದೆ. ಎಡಗಡೆ ಟೈ, ಬಲಗಡೆ ಮೇಕ್ ಟಪಲ್ ಇಟ್ಟರೆ ಅದಲುಬದಲು ಸರಿಯಾಗಿ ಆಗುತ್ತದೆ, ಏಕೆಂದರೆ ಮೇಕ್ ಟಪಲ್ ಬೆಲೆಗಳ ಪ್ರತಿ ತೆಗೆದುಕೊಳ್ಳುತ್ತದೆ. ಎರಡೂ ಕಡೆ ಟೈ ಇಟ್ಟರೆ ಬಲಗಡೆ ಇರುವುದು ಬರಿಯ ರೆಫರೆನ್ಸ್‌ಗಳು. ಆಗ ಮತ್ತೆ ಅ = ಬ, ಬ = ಅ ಎಂಬ ಹಳೆಯ ಕತೆಯೇ. ಎರಡನ್ನು ಅದಲುಬದಲು ಮಾಡುವುದಷ್ಟೇ ಕೆಲಸವಾದರೆ ಸ್ವಾಪ್ ಫಂಕ್ಷನ್ ಬಳಸಿ.

ಸಿ ಭಾಷೆಯಲ್ಲಿ "ಅ, ಬ = ಬ, ಅ;" ಎಂದು ಬರೆದೆ. ಕಂಪೈಲ್ ಆಯಿತು, ಏನೂ ಬದಲಾಗಲಿಲ್ಲ. ಯಾಕೆ?

ಸಿ ಭಾಷೆಯಲ್ಲಿ ಅಲ್ಪವಿರಾಮ ಒಂದು ಆಪರೇಟರ್, ಮತ್ತು ಸಮ ಚಿಹ್ನೆ ಅದಕ್ಕಿಂತ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಕಂಪೈಲರ್ ಕಂಡದ್ದು ಮೂರು ಬಿಡಿ ಮಾತುಗಳನ್ನು: ಅ, ಆಮೇಲೆ ಬ = ಬ, ಆಮೇಲೆ ಅ. ಮೂರರಿಂದಲೂ ಏನೂ ಆಗುವುದಿಲ್ಲ. ಎಚ್ಚರಿಕೆಗಳನ್ನು ಆನ್ ಮಾಡಿ ಕಂಪೈಲ್ ಮಾಡಿದರೆ ಸುಳಿವು ಸಿಗುತ್ತದೆ. ಘೋಷಣೆಯಲ್ಲೂ ಹೀಗೆಯೇ: ಇಂಟ್ ಎಂದು ಬರೆದು ಮುಂದೆ ಅ, ಬ = 5 ಎಂದರೆ 5 ಸಿಗುವುದು ಬ ಒಂದಕ್ಕೇ. ಫಂಕ್ಷನ್ ಒಳಗಿನ ಸಾಮಾನ್ಯ ವೇರಿಯಬಲ್ ಆದರೆ ಅ ಒಳಗೆ ಏನಿದೆ ಎಂದು ಹೇಳಲು ಬರುವುದಿಲ್ಲ.

ಜಾವಾಸ್ಕ್ರಿಪ್ಟ್‌ನಲ್ಲಿ ಅದಲುಬದಲು ಮಾಡಿದರೆ ಅದರ ಮೇಲಿನ ಸಾಲಿನ ವೇರಿಯಬಲ್ ಕೆಟ್ಟುಹೋಗುತ್ತದೆ. ಯಾಕೆ?

ಮೇಲಿನ ಸಾಲಿನ ಕೊನೆಗೆ ಸೆಮಿಕೋಲನ್ ಹಾಕುವುದನ್ನು ಬಿಟ್ಟಿರುತ್ತೀರಿ.

```
ಕ = 5
[ಅ, ಬ] = [ಬ, ಅ]
```

ಎರಡನೆಯ ಸಾಲು ಚೌಕ ಆವರಣದಿಂದ ಶುರುವಾಗುವುದರಿಂದ ಜಾವಾಸ್ಕ್ರಿಪ್ಟ್ ಎರಡನ್ನೂ ಸೇರಿಸಿ ಒಂದೇ ಹೇಳಿಕೆಯೆಂದು ಓದುತ್ತದೆ, 5ರ ಮುಂದೆ ಇಂಡೆಕ್ಸ್ ಬಂದಿದೆ ಎಂದುಕೊಳ್ಳುತ್ತದೆ. ಸ್ಟ್ರಿಕ್ಟ್ ಮೋಡ್ ಇದ್ದರೆ ಎರರ್ ಬರುತ್ತದೆ. ಇಲ್ಲದಿದ್ದರೆ ಸದ್ದಿಲ್ಲದೆ ಕ ಒಂದು ಅರೇ ಆಗಿಬಿಡುತ್ತದೆ, ಅ ಮತ್ತು ಬ ಇದ್ದಲ್ಲೇ ಇರುತ್ತವೆ.

"ಅ = ಬ = []" ಎಂದು ಬರೆದರೆ ಎರಡು ಖಾಲಿ ಲಿಸ್ಟ್ ಸಿಗುತ್ತವೆಯೇ?

ಇಲ್ಲ, ಒಂದೇ ಲಿಸ್ಟ್, ಎರಡು ಹೆಸರು. ಅ ಮೂಲಕ ಏನಾದರೂ ಸೇರಿಸಿದರೆ ಬ ಮೂಲಕವೂ ಕಾಣುತ್ತದೆ. ಸಂಖ್ಯೆ, ಸ್ಟ್ರಿಂಗ್‌ಗಳನ್ನು ಒಳಗಿನಿಂದ ಬದಲಿಸಲು ಬರುವುದಿಲ್ಲ, ಆದ್ದರಿಂದ ಅ = ಬ = 0 ಎಂದರೆ ತೊಂದರೆಯಿಲ್ಲ. ಲಿಸ್ಟ್, ಡಿಕ್ಷನರಿಗಳಿಗೆ ಹೀಗೆ ಬರೆಯಿರಿ:

```
ಅ, ಬ = [], []
```

ಎರಡೂ ಕಡೆ ಎಣಿಕೆ ಹೊಂದದಿದ್ದರೆ?

ಪೈಥಾನ್ ಎರರ್ ಕೊಡುತ್ತದೆ, ಗೋ ಕಂಪೈಲ್ ಮಾಡುವುದೇ ಇಲ್ಲ. ಲುವಾ, ರೂಬಿಗಳಲ್ಲಿ ಹೆಚ್ಚಿನ ಬೆಲೆಗಳು ಬಿದ್ದುಹೋಗುತ್ತವೆ, ಕಡಿಮೆ ಬಿದ್ದ ಕಡೆ ನಿಲ್ ಬರುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಅಂಡಿಫೈನ್ಡ್. ಪೈಥಾನ್ 3ರಲ್ಲಿ ನಕ್ಷತ್ರ ಹಾಕಿದರೆ ಉಳಿದದ್ದೆಲ್ಲ ಒಂದು ಲಿಸ್ಟ್‌ಗೆ ಹೋಗುತ್ತದೆ:

```
ಮೊದಲು, *ಉಳಿದವು = [4, 7, 9]
```

"ಅ, ಬ += 1, 2" ಯಾಕೆ ನಡೆಯುವುದಿಲ್ಲ?

ಪೈಥಾನ್‌ನಲ್ಲಿ ಕೂಡಿಸಿ ಇಡುವ ಚಿಹ್ನೆಗೆ ಎಡಗಡೆ ಒಂದೇ ಗುರಿ ಇರಬೇಕು. ಅ, ಬ = ಅ + 1, ಬ + 2 ಎಂದು ಬಿಡಿಸಿ ಬರೆಯಿರಿ.

ಹತ್ತು ವೇರಿಯಬಲ್‌ಗಳಿಗೂ 1 ಕೂಡಿಸಬೇಕು. ಲೂಪ್ ಹಾಕಿದೆ, ಯಾವುದೂ ಬದಲಾಗಲಿಲ್ಲ.

ಲೂಪ್‌ನ ವೇರಿಯಬಲ್ ಒಂದು ಹೊಸ ಹೆಸರು. ಅದಕ್ಕೆ ಬೇರೆ ಬೆಲೆ ಕಟ್ಟಿದರೆ ಮೂಲ ಹೆಸರುಗಳಿಗೆ ಅದರ ಸುದ್ದಿ ಮುಟ್ಟುವುದಿಲ್ಲ. ಆದರೆ ಇದಕ್ಕೆ ನಿಜವಾದ ಪರಿಹಾರ ಬೇರೆಡೆ ಇದೆ. ಅಂಕ1, ಅಂಕ2, ಅಂಕ3 ಎಂದು ಹತ್ತು ಹೆಸರು ಇಟ್ಟಿದ್ದರೆ ಅವು ವೇರಿಯಬಲ್‌ಗಳಾಗಿ ಇರಬೇಕಾದವೇ ಅಲ್ಲ, ಒಂದು ಲಿಸ್ಟ್ ಆಗಬೇಕಿತ್ತು. ಹೆಸರಿನಿಂದ ಹುಡುಕಬೇಕಾದರೆ ಡಿಕ್ಷನರಿ. ವೇರಿಯಬಲ್ ಹೆಸರನ್ನು ಸ್ಟ್ರಿಂಗ್ ಜೋಡಿಸಿ ತಯಾರಿಸುವ ಉಪಾಯಗಳನ್ನು ದಯವಿಟ್ಟು ಹಿಡಿಯಬೇಡಿ.

ತಾತ್ಕಾಲಿಕ ವೇರಿಯಬಲ್ ಇಲ್ಲದೆ ಎಕ್ಸಾರ್ (ಬಿಟ್‌ಗಳನ್ನು ಹೋಲಿಸುವ ಲೆಕ್ಕ) ಬಳಸಿ ಅದಲುಬದಲು ಮಾಡುವ ಉಪಾಯ ಚೆನ್ನಾಗಿದೆಯಲ್ಲ?

ಅಭ್ಯಾಸಕ್ಕೆ ಚೆನ್ನ, ಕೆಲಸಕ್ಕೆ ಬೇಡ. ಎರಡು ಇಂಡೆಕ್ಸ್‌ಗಳೂ ಒಂದೇ ಜಾಗವನ್ನು ತೋರಿಸಿದರೆ ಆ ಜಾಗ ಸೊನ್ನೆಯಾಗುತ್ತದೆ. ತಾತ್ಕಾಲಿಕ ವೇರಿಯಬಲ್ ಉಳಿಸಲು ಇಂದಿನ ಕಂಪೈಲರ್‌ಗಳಿಗೆ ನಮ್ಮ ಸಹಾಯ ಬೇಕಿಲ್ಲ.

ಡೇಟಾಬೇಸ್‌ನಲ್ಲಿ ಎರಡು ಕಾಲಮ್‌ಗಳನ್ನು ಅದಲುಬದಲು ಮಾಡಬಹುದೇ?

ಡೇಟಾಬೇಸ್‌ಗಳ ಭಾಷೆಯಾದ ಎಸ್‌ಕ್ಯೂಎಲ್‌ನ ಮಾನದಂಡದ ಪ್ರಕಾರ ಒಂದೇ ಅಪ್‌ಡೇಟ್ ಹೇಳಿಕೆಯ ಸೆಟ್ ಭಾಗದಲ್ಲಿ ಅ = ಬ, ಬ = ಅ ಎಂದು ಬರೆದರೆ ಸಾಕು. ಬಲಗಡೆಯ ಕಾಲಮ್‌ಗಳೆಲ್ಲ ಸಾಲಿನ ಹಳೆಯ ಬೆಲೆಯನ್ನೇ ಸೂಚಿಸುತ್ತವೆ. ಪೋಸ್ಟ್‌ಗ್ರೆಸ್, ಎಸ್‌ಕ್ಯೂಲೈಟ್‌ಗಳಲ್ಲಿ ಇದು ಹೀಗೆಯೇ ನಡೆಯುತ್ತದೆ.

ಮೈಎಸ್‌ಕ್ಯೂಎಲ್ ಬೇರೆ. ಅದು ಒಂದೇ ಟೇಬಲ್‌ನ ಅಪ್‌ಡೇಟ್‌ನಲ್ಲಿ ಎಡದಿಂದ ಬಲಕ್ಕೆ ಒಂದೊಂದೇ ಬದಲಿಸುತ್ತಾ, ಮುಂದಿನದಕ್ಕೆ ಹೊಸ ಬೆಲೆಯನ್ನೇ ಕೊಡುತ್ತದೆ. ಎರಡೂ ಕಾಲಮ್‌ನಲ್ಲಿ ಬ ಬೆಲೆಯೇ ಉಳಿಯುತ್ತದೆ, ಅ ಕಾಲಮ್‌ನ ಮಾಹಿತಿ ಎಲ್ಲ ಸಾಲುಗಳಲ್ಲೂ ಹೋಗುತ್ತದೆ. ಅವರ ಕೈಪಿಡಿಯಲ್ಲೇ ಇದು ಮಾನದಂಡಕ್ಕಿಂತ ಭಿನ್ನವೆಂದು ಬರೆದಿದೆ, ಆದರೆ ಕೈಪಿಡಿ ತೆರೆಯುವ ಹೊತ್ತಿಗೆ ಹಲವರ ಡೇಟಾ ಹೋಗಿರುತ್ತದೆ. ಟೇಬಲ್ಲನ್ನು ಅದರ ಪ್ರೈಮರಿ ಕೀ ಮೂಲಕ ಅದಕ್ಕೇ ಜಾಯಿನ್ ಮಾಡಿ, ಹಳೆಯ ಬೆಲೆಯನ್ನು ಎರಡನೆಯ ಪ್ರತಿಯಿಂದ ಓದುವುದು ಸುರಕ್ಷಿತ ದಾರಿ. ಮಾರಿಯಾಡಿಬಿಯಲ್ಲಿ 10.3ರಿಂದ ಸೈಮಲ್ಟೇನಿಯಸ್ ಅಸೈನ್‌ಮೆಂಟ್ ಎಂಬ ಮೋಡ್ ಇದೆ, ಅದನ್ನು ಆನ್ ಮಾಡಿದರೆ ಮಾನದಂಡದಂತೆ ನಡೆಯುತ್ತದೆ. ಏನೇ ಆಗಲಿ, ಮೊದಲು ಟ್ರಾನ್ಸಾಕ್ಷನ್ ತೆರೆಯಿರಿ, ಫಲಿತಾಂಶ ಕಣ್ಣಾರೆ ನೋಡಿದ ಮೇಲೆ ಕಮಿಟ್ ಮಾಡಿ.

ಹಾಗಾದರೆ ಯಾವಾಗಲೂ ಒಟ್ಟಿಗೆ ಬದಲಿಸುವುದೇ ಸರಿಯೇ?

ಹಾಗೆ ಹೇಳಲು ಬರುವುದಿಲ್ಲ. ನನಗೆ ಈ ವಿಷಯ ಇಷ್ಟವಾಗುವುದೇ ಇಲ್ಲಿ.

ಜಾನ್ ಕಾನ್ವೇ ಅವರ 1970ರ ಲೈಫ್ ಆಟದಲ್ಲಿ ಪ್ರತಿ ಕೋಶದ ಮುಂದಿನ ಸ್ಥಿತಿಯನ್ನು ಅದರ ಮತ್ತು ಸುತ್ತಲಿನ 8 ಕೋಶಗಳ ಹಳೆಯ ಸ್ಥಿತಿಯಿಂದಲೇ ನಿರ್ಧರಿಸಬೇಕು. ಒಂದೇ ಗ್ರಿಡ್‌ನಲ್ಲಿ ಬರೆಯುತ್ತಾ ಹೋದರೆ ಆಟದ ನಿಯಮವೇ ಮುರಿಯುತ್ತದೆ, ಎರಡು ಗ್ರಿಡ್ ಇಟ್ಟುಕೊಂಡು ಒಂದರಿಂದ ಓದಿ ಇನ್ನೊಂದಕ್ಕೆ ಬರೆಯಬೇಕು. ತಪ್ಪನ್ನು ಹಂತಹಂತವಾಗಿ ತಗ್ಗಿಸುವ ಗ್ರೇಡಿಯೆಂಟ್ ಡಿಸೆಂಟ್ ವಿಧಾನದಲ್ಲೂ ಎಲ್ಲ ಪ್ಯಾರಾಮೀಟರ್‌ಗಳ ಹೊಸ ಬೆಲೆ ಹಳೆಯ ಬೆಲೆಗಳಿಂದಲೇ ಬರಬೇಕು.

ಆದರೆ ರೇಖೀಯ ಸಮೀಕರಣಗಳನ್ನು ಹಂತಹಂತವಾಗಿ ಬಿಡಿಸುವಾಗ ಎರಡು ವಿಧಾನಗಳಿವೆ. ಜಾಕೋಬಿ ವಿಧಾನ ಹಳೆಯ ಬೆಲೆಗಳನ್ನಷ್ಟೇ ಬಳಸುತ್ತದೆ. ಗಾಸ್-ಸೈಡಲ್ ವಿಧಾನ ಆಗಷ್ಟೇ ಸಿಕ್ಕ ಹೊಸ ಬೆಲೆಯನ್ನು ಕೂಡಲೇ ಬಳಸುತ್ತದೆ, ಎಷ್ಟೋ ಸಲ ಬೇಗ ಉತ್ತರ ಮುಟ್ಟುತ್ತದೆ.

ಇನ್ನೂ ಸೊಗಸಾದ್ದು ವೃತ್ತ ಬಿಡಿಸುವ ಲೆಕ್ಕ. ಪ್ರತಿ ಹೆಜ್ಜೆಗೆ ಹೀಗೆ ಮಾಡಿ:

```
ಅಡ್ಡ = ಅಡ್ಡ - 0.1 * ಉದ್ದ
ಉದ್ದ = ಉದ್ದ + 0.1 * ಅಡ್ಡ
```

ಎರಡನೆಯ ಸಾಲು ಹೊಸ ಅಡ್ಡ ಬೆಲೆಯನ್ನು ಓದುತ್ತದೆ, ಮತ್ತು ಅದೇ ಇದರ ಜೀವಾಳ. ಬಿಂದುಗಳು ವೃತ್ತಕ್ಕೆ ಬಹಳ ಹತ್ತಿರದ ದೀರ್ಘವೃತ್ತದ ಮೇಲೆಯೇ ಉಳಿಯುತ್ತವೆ. "ಸರಿಪಡಿಸುತ್ತೇನೆ" ಎಂದು ಇದನ್ನು ಒಂದೇ ಸಾಲಿಗೆ ತಂದು ಒಟ್ಟಿಗೆ ಬದಲಿಸಿದರೆ ಪ್ರತಿ ಹೆಜ್ಜೆಗೂ ಬಿಂದು ಕೇಂದ್ರದಿಂದ ದೂರ ಸರಿಯುತ್ತದೆ. ಸುಮಾರು 63 ಹೆಜ್ಜೆಗಳ ಒಂದು ಸುತ್ತು ಮುಗಿಯುವಷ್ಟರಲ್ಲಿ ತ್ರಿಜ್ಯ 1.37 ಪಟ್ಟು ಹಿಗ್ಗಿ, ವೃತ್ತದ ಬದಲು ಸುರುಳಿ ಮೂಡುತ್ತದೆ. ಕಂಪ್ಯೂಟರ್ ವಿಜ್ಞಾನಿ ಮಾರ್ವಿನ್ ಮಿನ್‌ಸ್ಕಿ ಹೆಸರಿನಲ್ಲಿ ಪ್ರಸಿದ್ಧವಾದ ಈ ವಿಧಾನ ಎಂಐಟಿಯ 1972ರ ಟಿಪ್ಪಣಿಗಳಲ್ಲಿದೆ. ಅಲ್ಲಿ "ಹೊಸ" ಎಂಬ ಪದದ ಮುಂದೆ ಉದ್ಗಾರ ಚಿಹ್ನೆ ಹಾಕಿ ಎಚ್ಚರಿಸಿದ್ದಾರೆ. ನಿಮ್ಮ ಕೋಡ್‌ನಲ್ಲಿ ಇಂಥ ಸಾಲು ಇದ್ದರೆ ಪಕ್ಕದಲ್ಲಿ ಒಂದು ಕಾಮೆಂಟ್ ಬರೆಯಿರಿ, ಇಲ್ಲವಾದರೆ ಒಳ್ಳೆಯ ಮನಸ್ಸಿನ ಯಾರೋ ಒಬ್ಬರು ಅದನ್ನು ತಿದ್ದಿಬಿಡುತ್ತಾರೆ.

ಹಾರ್ಡ್‌ವೇರ್‌ನಲ್ಲಿ ಇದು ಹೇಗೆ?

ಹಾರ್ಡ್‌ವೇರ್ ವಿವರಿಸುವ ಭಾಷೆಯಾದ ವೆರಿಲಾಗ್‌ನಲ್ಲಿ ಎರಡಕ್ಕೂ ಬೇರೆ ಚಿಹ್ನೆಗಳಿವೆ. ಬರಿಯ ಸಮ ಚಿಹ್ನೆ ಒಂದಾದ ಮೇಲೊಂದು ಬರೆಯುತ್ತದೆ. <= ಚಿಹ್ನೆ ಬಳಸಿದರೆ ಬಲಗಡೆಯದ್ದನ್ನೆಲ್ಲ ಈಗ ಓದಿ, ಹಂತದ ಕೊನೆಗೆ ಎಲ್ಲವನ್ನೂ ಬರೆಯುತ್ತದೆ.

```
ಅ <= ಬ;
ಬ <= ಅ;
```

ಕ್ಲಾಕ್‌ನ ಪ್ರತಿ ಏರಿಕೆಗೂ ಈ ಎರಡು ರಿಜಿಸ್ಟರ್‌ಗಳು ಅದಲುಬದಲಾಗುತ್ತವೆ. ಸಾಫ್ಟ್‌ವೇರ್‌ನಲ್ಲಿ ನಾವು ತೋರಿಕೆಗೆ "ಒಟ್ಟಿಗೆ" ಎನ್ನುವುದು ಇಲ್ಲಿ ತಂತಿಗಳಲ್ಲಿ ನಿಜಕ್ಕೂ ಒಟ್ಟಿಗೆ ಆಗುತ್ತದೆ.

ಒಂದೇ ಸಾಲಿನಲ್ಲಿ ಬರೆದರೆ ಬೇರೆ ಥ್ರೆಡ್‌ಗಳಿಗೂ ಎರಡೂ ಒಮ್ಮೆಗೇ ಬದಲಾದಂತೆ ಕಾಣುತ್ತದೆಯೇ?

ಕಾಣುವುದಿಲ್ಲ. ಒಂದೇ ಸಾಲು ಎಂದರೆ ಒಡೆಯಲಾಗದ ಒಂದೇ ಕೆಲಸ ಎಂದರ್ಥವಲ್ಲ. ಮೊದಲನೆಯದನ್ನು ಬರೆದು ಎರಡನೆಯದನ್ನು ಬರೆಯುವ ಮುಂಚೆ ಇನ್ನೊಂದು ಥ್ರೆಡ್ ಬಂದು ಅರ್ಧ ಹೊಸದು, ಅರ್ಧ ಹಳೆಯದನ್ನು ಓದಬಹುದು. ಒಂದು ಖಾತೆಯಿಂದ ಕಳೆದು ಇನ್ನೊಂದಕ್ಕೆ ಸೇರಿಸುವ ಸಾಲು ಎಷ್ಟೇ ಚೊಕ್ಕವಾಗಿದ್ದರೂ, ನಡುವೆ ಓದಿದವರಿಗೆ ಒಟ್ಟು ಮೊತ್ತ ತಪ್ಪಾಗಿ ಸಿಗುತ್ತದೆ.

ಲಾಕ್ ಹಾಕಿ. ಓದುವವರೂ ಅದೇ ಲಾಕ್ ಹಿಡಿಯಬೇಕು, ಬರೆಯುವವರು ಮಾತ್ರ ಹಿಡಿದರೆ ಸಾಲದು. ಇನ್ನೊಂದು ದಾರಿ, ಎರಡು ಬೆಲೆಗಳನ್ನೂ ಬದಲಾಗದ ಒಂದೇ ಆಬ್ಜೆಕ್ಟ್‌ನಲ್ಲಿಟ್ಟು, ಹೊಸ ಆಬ್ಜೆಕ್ಟ್ ಕಟ್ಟಿ, ಆ ಒಂದು ರೆಫರೆನ್ಸನ್ನು ಮಾತ್ರ ಅಟಾಮಿಕ್ ಆಗಿ ಬದಲಿಸುವುದು. ಓದುವವರಿಗೆ ಪೂರ್ತಿ ಹಳೆಯ ಜೋಡಿ ಸಿಗುತ್ತದೆ, ಇಲ್ಲವೇ ಪೂರ್ತಿ ಹೊಸದು. ಓದುವುದು ಹೆಚ್ಚು, ಬರೆಯುವುದು ಕಡಿಮೆ ಇರುವ ಕಡೆ ನಾನು ಎರಡನೆಯ ದಾರಿಯನ್ನೇ ಆರಿಸುತ್ತೇನೆ.

ಇದು ಹೊಸ ಕಾಲದ ಸೌಲಭ್ಯವೇ?

1963ರ ಹೊತ್ತಿಗೇ ಸಿಪಿಎಲ್ ಎಂಬ ಭಾಷೆಯ ವಿನ್ಯಾಸದಲ್ಲಿ ಇತ್ತು. 1970ರ ದಶಕದಲ್ಲಿ ಕಂಪ್ಯೂಟರ್ ವಿಜ್ಞಾನಿ ಎಡ್ಸ್‌ಖರ್ ಡೈಕ್‌ಸ್ಟ್ರಾ ಪ್ರೋಗ್ರಾಂಗಳ ಸರಿತನವನ್ನು ಗಣಿತದಿಂದ ಸಾಧಿಸುವಾಗ ಇದನ್ನೇ ಬಳಸಿದರು. ಲಿಸ್ಪ್ ಕುಟುಂಬದಲ್ಲಿ ಈ ವ್ಯತ್ಯಾಸ ಹೆಸರಿನಲ್ಲೇ ಇದೆ: ಕಾಮನ್ ಲಿಸ್ಪ್‌ನ ಸೆಟ್‌ಎಫ್ ಒಂದಾದ ಮೇಲೊಂದು ಬದಲಿಸುತ್ತದೆ, ಪಿಸೆಟ್‌ಎಫ್ ಒಟ್ಟಿಗೆ. ಅಲ್ಲಿನ ಪಿ ಅಕ್ಷರ ಪ್ಯಾರಲಲ್ ಎಂಬುದರದ್ದು.

ಹೀಗೆ ಬರೆದರೆ ವೇಗ ಕಡಿಮೆಯಾಗುತ್ತದೆಯೇ?

ಸಿಪೈಥಾನ್‌ನಲ್ಲಿ (ನಾವು ಸಾಮಾನ್ಯವಾಗಿ ಬಳಸುವ ಪೈಥಾನ್) ಎರಡು ಅಥವಾ ಮೂರು ಬೆಲೆಗಳನ್ನು ಅದಲುಬದಲು ಮಾಡುವಾಗ ಟಪಲ್ (ಬೆಲೆಗಳ ಕಟ್ಟು) ಕಟ್ಟುವುದೇ ಇಲ್ಲ, ಒಳಗಿನ ಸ್ಟ್ಯಾಕ್ ಮೇಲೆಯೇ ಜಾಗ ಬದಲಾಗುತ್ತದೆ. ಹಾಗಾಗಿ ವೇಗದ ಚಿಂತೆ ಬೇಡ, ಓದುವವರ ಚಿಂತೆ ಇರಲಿ. ಒಂದಕ್ಕೊಂದು ಸಂಬಂಧವಿಲ್ಲದ ಆರು ವೇರಿಯಬಲ್‌ಗಳನ್ನು ಒಂದೇ ಸಾಲಿಗೆ ತುರುಕಿದರೆ ಯಾವ ಬೆಲೆ ಯಾವುದಕ್ಕೆ ಎಂದು ಬೆರಳಿಟ್ಟು ಎಣಿಸಬೇಕಾಗುತ್ತದೆ. ಅಂಥವನ್ನು ಆರು ಸಾಲುಗಳಲ್ಲೇ ಬರೆಯಿರಿ.